ನಡಾವಳಿ ಬರೆದವಳ ಹೆಸರು ನಡಾವಳಿಯಲ್ಲಿಲ್ಲ

ಮಾನ್ಯ ಸಂಪಾದಕರೇ,

ಕಚೇರಿಯ ತಂಡಗಳಲ್ಲಿ ಗಂಡು–ಹೆಣ್ಣು ಹೇಗೆ ಬೇರೆ ಬೇರೆಯಾಗಿ ನಡೆದುಕೊಳ್ಳುತ್ತಾರೆ ಎಂಬ ಲೇಖನವನ್ನು ನಿಮ್ಮ ಭಾನುವಾರದ ಪುರವಣಿಯಲ್ಲಿ ಎರಡು ಸಲ ಓದಿದೆ. ಮೊದಲ ಸಲ ಖುಷಿಯಾಯಿತು, ಎರಡನೆಯ ಸಲ ಸಿಟ್ಟು ಬಂತು. ಹೆಂಗಸರು ಹುಟ್ಟಿನಿಂದಲೇ ಸಹಕಾರಿಗಳಂತೆ, ಗಂಡಸರು ಪೈಪೋಟಿಗೆ ಇಳಿಯುವವರಂತೆ. ಹಾಗಾಗಿ ತಂಡಕ್ಕೆ ಒಬ್ಬಿಬ್ಬರು ಹೆಂಗಸರನ್ನು ಸೇರಿಸಿಕೊಂಡರೆ ವಾತಾವರಣ ತಿಳಿಯಾಗುತ್ತದಂತೆ. ರಾಡಿ ನೀರಿನಲ್ಲಿ ಪಟಿಕ ಆಡಿಸಿದ ಹಾಗೆ. ನೀರೇನೋ ತಿಳಿಯಾಗುತ್ತದೆ, ನಿಜ. ಪಟಿಕ ಮಾತ್ರ ಕೆಸರನ್ನು ಅಪ್ಪಿಕೊಂಡು ತಳಕ್ಕೆ ಇಳಿಯುತ್ತದೆ ಎಂಬುದನ್ನು ಲೇಖಕರು ಬರೆದಿಲ್ಲ.

‘ಎರಡು ಜಡೆ ಸೇರಿದರೆ ಜಗಳ’ ಎಂಬ ಮಾತನ್ನು ಕೇಳುತ್ತಲೇ ಬೆಳೆದವಳು ನಾನು. ಕೆಲಸಕ್ಕೆ ಸೇರಿದ ಹೊಸತರಲ್ಲಿ, ನಮ್ಮ ವಿಭಾಗಕ್ಕೆ ಎರಡನೆಯ ಹೆಣ್ಣುಮಗಳನ್ನು ತೆಗೆದುಕೊಳ್ಳುವ ಮುನ್ನ ಮೇಲಧಿಕಾರಿ ನನ್ನನ್ನು ಕರೆದು, ‘ಹೊಂದಿಕೊಂಡು ಹೋಗುತ್ತೀರಿ ತಾನೇ?’ ಎಂದು ಕೇಳಿದ್ದರು. ಹದಿನಾಲ್ಕು ಗಂಡಸರಿದ್ದಲ್ಲಿಗೆ ಹದಿನೈದನೆಯವರು ಬಂದಾಗ ಆ ಪ್ರಶ್ನೆಯನ್ನು ಯಾರಿಗೂ ಕೇಳಿರಲಿಲ್ಲ. ಈಗ ಅದೇ ಜಡೆಗಳು ಸಹಕಾರದ ಮೂರ್ತಿಗಳಾಗಿವೆ. ನಡುವಿನ ವರ್ಷಗಳಲ್ಲಿ ನಮ್ಮ ಹುಟ್ಟುಗುಣ ಯಾವ ದಿನ ಬದಲಾಯಿತೆಂದು ನನಗಂತೂ ಯಾರೂ ತಿಳಿಸಲಿಲ್ಲ.

ನಾನು ಕಟ್ಟಡಗಳ ರಚನಾ ಎಂಜಿನಿಯರ್. ಇಪ್ಪತ್ತಾರು ವರ್ಷಗಳಿಂದ ಕಂಬ, ತೊಲೆ, ಅಡಿಪಾಯಗಳ ಲೆಕ್ಕ ಹಾಕುವುದೇ ಕಸುಬು. ಒಬ್ಬರೇ ಕೂತು ಮುಗಿಸುವ ಕೆಲಸ ಇದಲ್ಲ. ಒಬ್ಬರು ಹಾಕಿದ ಲೆಕ್ಕವನ್ನು ಇನ್ನೊಬ್ಬರು ತಾಳೆ ನೋಡಬೇಕು, ಮತ್ತೊಬ್ಬರು ನಕ್ಷೆಗೆ ಇಳಿಸಬೇಕು, ನೀರು–ವಿದ್ಯುತ್ತಿನವರು ಅದರ ಮೇಲೆ ತಮ್ಮ ಪೈಪುಗಳನ್ನು ಓಡಿಸಬೇಕು. ಎಲ್ಲರೂ ಸೇರಿ ವಾರಕ್ಕೊಮ್ಮೆ ಕೂತು ಪರಸ್ಪರರ ತಪ್ಪು ಹುಡುಕುತ್ತೇವೆ. ತಂಡದ ಕೆಲಸ ಎಂಬುದು ನನ್ನ ಪಾಲಿಗೆ ತರಬೇತಿ ಶಿಬಿರದಲ್ಲಿ ಕಲಿತ ಪದವಲ್ಲ ಎಂದು ಹೇಳುವುದಕ್ಕಾಗಿ ಇಷ್ಟು ಪೀಠಿಕೆ.

ವಾರವಾರದ ಆ ಸಭೆಯ ನಡಾವಳಿ ಬರೆಯುತ್ತಿದ್ದವಳು ನಾನು. ಹೇಗೆ ಶುರುವಾಯಿತೆಂದು ನೆನಪಿದೆ. ಸೇರಿದ ಎರಡನೆಯ ವಾರ ಯಾರೋ ‘ನಿಮ್ಮ ಅಕ್ಷರ ಮುದ್ದಾಗಿದೆ’ ಎಂದರು. ಪುಸ್ತಕ ನನ್ನ ಕಡೆಗೆ ಜಾರಿ ಬಂತು. ಹತ್ತೊಂಬತ್ತು ವರ್ಷ ಅಲ್ಲೇ ಇತ್ತು. ಕೈಬರಹ ಹೋಗಿ ಲ್ಯಾಪ್‌ಟಾಪ್ ಬಂದ ಮೇಲೂ ನಾನೇ ಬರೆದೆ. ಅಕ್ಷರ ಎಲ್ಲರದ್ದೂ ಒಂದೇ ಆಗಿದ್ದ ಆ ಕಾಲದಲ್ಲಿ ‘ನಿಮಗೆ ಅಭ್ಯಾಸವಾಗಿದೆ’ ಎಂಬ ಕಾರಣ ಸಿಕ್ಕಿತು.

ಕಳೆದ ವರ್ಷ ಕಚೇರಿಯ ಕಪಾಟು ಖಾಲಿ ಮಾಡುವಾಗ ಹಳೆಯ ನಡಾವಳಿ ಪುಸ್ತಕಗಳನ್ನು ರದ್ದಿಗೆ ಹಾಕಲು ಮನಸ್ಸು ಬಾರದೆ ಮನೆಗೆ ತಂದಿಟ್ಟುಕೊಂಡೆ. ಒಂದು ರಜೆಯ ದಿನ ಸುಮ್ಮನೆ ತಿರುವಿದೆ. ನನ್ನದೇ ಅಕ್ಷರ, ನನ್ನದೇ ವಾಕ್ಯ, ಆದರೆ ಪುಟದಿಂದ ಪುಟಕ್ಕೆ ಹುಡುಕಿದರೂ ನಾನೇ ಇಲ್ಲ. ‘ಹಾಜರಿದ್ದವರು’ ಎಂಬ ಪಟ್ಟಿಯ ಕೊನೆಯಲ್ಲಿ ಹೆಸರಿದೆ, ಅಷ್ಟೆ. ಇಂಥವರು ಸೂಚಿಸಿದರು, ಇಂಥವರು ಆಕ್ಷೇಪಿಸಿದರು, ಇಂಥವರು ಒಪ್ಪಿಸಿದರು — ಎಲ್ಲವೂ ಬೇರೆಯವರು. ಪುಟದ ಅಂಚಿನಲ್ಲಿ ಮಾತ್ರ ಅಲ್ಲಲ್ಲಿ ಪೆನ್ಸಿಲಿನ ಸಣ್ಣ ಗೀಚುಗಳಿದ್ದವು. ಬರೆಯುತ್ತಾ ಬರೆಯುತ್ತಾ ಹೊಳೆದದ್ದನ್ನು, ‘ಆಮೇಲೆ ಕೇಳು’ ಎಂದು ನನಗೆ ನಾನೇ ಹಾಕಿಕೊಂಡ ಗುರುತುಗಳು. ಆ ‘ಆಮೇಲೆ’ ಎಷ್ಟು ಸಲ ಬಂತೋ ನೆನಪಾಗಲಿಲ್ಲ. ಮಾತನಾಡಿದವರ ಹಿಂದೆ ಓಡುತ್ತಾ ಬರೆಯುವವರಿಗೆ ಬಾಯಿ ತೆರೆಯಲು ಪುರುಸೊತ್ತಿರುವುದಿಲ್ಲ. ಒಂದು ವಾಕ್ಯ ಮುಗಿಸಿ ತಲೆಯೆತ್ತುವ ಹೊತ್ತಿಗೆ ಸಭೆ ಮುಂದಿನ ಮಹಡಿಗೆ ಹೋಗಿರುತ್ತದೆ.

ಒಂದು ಪುಟದ ಮುಂದೆ ಬಹಳ ಹೊತ್ತು ಕೂತೆ. ಮೂರು ಅಂತಸ್ತಿನ ನೆಲಮಾಳಿಗೆ ಇದ್ದ ಕಟ್ಟಡವದು. ನೆಲದಡಿಯ ನೀರು ಮೇಲ್ಮಟ್ಟದಲ್ಲೇ ಇದ್ದ ಜಾಗ. ಅಂಥ ಕಡೆ ಅಗೆದ ಗುಂಡಿಯಿಂದ ಪಂಪ್ ಹಾಕಿ ನೀರು ಎತ್ತುತ್ತಲೇ ಇರಬೇಕು. ನೆಲಮಾಳಿಗೆಯ ತಳ, ಗೋಡೆ ಎರಕ ಹಾಕಿ ಮುಗಿಸಿದ್ದೇವೆ, ಇನ್ನು ಖರ್ಚೇಕೆ ಎಂದು ಪಂಪ್ ನಿಲ್ಲಿಸಿದರೆ ನೀರು ಏರಿ ಕೆಳಗಿನಿಂದ ಒತ್ತುತ್ತದೆ. ಮೇಲಿನ ಮಹಡಿಗಳ ಭಾರ ಇನ್ನೂ ಬಂದಿರುವುದಿಲ್ಲವಲ್ಲ; ಆ ಕಾಂಕ್ರೀಟ್ ಪೆಟ್ಟಿಗೆ ತಾನು ಪಕ್ಕಕ್ಕೆ ಸರಿಸಿದ ನೀರಿಗಿಂತ ಹಗುರವಾಗಿದ್ದರೆ ಅಕ್ಷರಶಃ ತೇಲುತ್ತದೆ. ಆರ್ಕಿಮಿಡೀಸನ ನಿಯಮಕ್ಕೆ ಅದು ದೋಣಿಯೋ ಕಟ್ಟಡವೋ ಎಂಬ ಭೇದವಿಲ್ಲ. ನಾನು ಲೆಕ್ಕ ಹಾಕಿಕೊಂಡೇ ಹೋಗಿದ್ದೆ. ನೆಲದ ಮೇಲೆ ಎಷ್ಟು ಮಹಡಿ ಏರುವವರೆಗೆ ಪಂಪ್ ನಿಲ್ಲಿಸಬಾರದು ಎಂದು ಅಂಕಿ ಸಹಿತ ಹೇಳಿದೆ. ಯಾರೂ ಏನೂ ಅನ್ನಲಿಲ್ಲ. ಒಬ್ಬರು ಬೇರೊಂದು ನಕ್ಷೆಯ ಪರಿಷ್ಕರಣ ಸಂಖ್ಯೆ ಕೇಳಿದರು. ಹತ್ತು ನಿಮಿಷದ ನಂತರ ನನ್ನಿಂದ ಎರಡು ಕುರ್ಚಿ ಆಚೆ ಕೂತಿದ್ದ ಸಹೋದ್ಯೋಗಿ ಹಿಂದಕ್ಕೆ ಒರಗಿ, ‘ಪಂಪ್ ಯಾವಾಗ ನಿಲ್ಲಿಸುತ್ತೀರೋ ನೋಡಿಕೊಳ್ಳಿ, ಇಲ್ಲದಿದ್ದರೆ ಕಟ್ಟಡ ಕಟ್ಟಲು ಹೋಗಿ ಹಡಗು ಕಟ್ಟಿದ ಹಾಗಾಗುತ್ತದೆ’ ಎಂದರು. ಎಲ್ಲರೂ ನಕ್ಕರು. ಆ ಮೇಲೆ ಗಂಭೀರರಾದರು. ಮುಖ್ಯಸ್ಥರು ‘ಒಳ್ಳೆಯ ಅಂಶ’ ಎಂದರು.

ಇಂಥ ಕಥೆಯನ್ನು ನಿಮ್ಮ ಓದುಗರಲ್ಲಿ ಅರ್ಧದಷ್ಟು ಜನ ಕೇಳಿಯೇ ಇರುತ್ತಾರೆ, ಅನುಭವಿಸಿಯೂ ಇರಬಹುದು. ನಾನು ಬೆಚ್ಚಿದ್ದು ಅದಕ್ಕಲ್ಲ. ಪುಟದಲ್ಲಿ ಹೀಗಿತ್ತು: ‘ನಿರ್ಮಾಣದ ಹಂತದಲ್ಲಿ ನೆಲಮಾಳಿಗೆ ತೇಲುವ ಸಾಧ್ಯತೆಯತ್ತ ಶ್ರೀಯುತರು ಸಭೆಯ ಗಮನ ಸೆಳೆದರು.’ ಅವರ ಹೆಸರು. ನನ್ನ ಕೈ. ಯಾರೂ ಹೇಳಿ ಬರೆಸಿದ್ದಲ್ಲ. ನಡಾವಳಿ ಬರೆಯುವವರು ಹೇಳಿದ್ದನ್ನೆಲ್ಲ ಬರೆಯುವುದಿಲ್ಲ, ಸಭೆ ಕೇಳಿಸಿಕೊಂಡದ್ದನ್ನು ಬರೆಯುತ್ತಾರೆ. ನಾನೂ ಹಾಗೆಯೇ ಪ್ರಾಮಾಣಿಕವಾಗಿ ಬರೆದಿದ್ದೆ.

ಆ ಸಹೋದ್ಯೋಗಿ ಕೆಟ್ಟವರಲ್ಲ. ನನ್ನ ಮಾತು ಕಿವಿಗೆ ಬಿದ್ದು, ಒಳಗೆಲ್ಲೋ ಕೂತು, ತಮ್ಮದೇ ಆಲೋಚನೆಯ ವೇಷದಲ್ಲಿ ಹೊರಬಂದಿರಬೇಕು. ಹಡಗಿನ ಮಾತು ನನಗೆ ಹೊಳೆದಿರಲಿಲ್ಲ ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ. ನಾನು ಅಂಕಿ ಹೇಳಿದೆ, ಅವರು ಚಿತ್ರ ಬಿಡಿಸಿದರು. ಸಂಜೆ ನಾಲ್ಕು ಗಂಟೆಗೆ ಅಂಕಿ ಯಾರಿಗೆ ಬೇಕು?

ಈಗ ನಿಮ್ಮ ಲೇಖನದ ಮುಖ್ಯ ಸಾಕ್ಷ್ಯಕ್ಕೆ ಬರುತ್ತೇನೆ. ‘ಹೆಂಗಸರು ಹೆಚ್ಚಿದ್ದಷ್ಟೂ ತಂಡ ಜಾಣವಾಗುತ್ತದೆ ಎಂದು ವಿಜ್ಞಾನ ಹೇಳಿದೆ’ ಎಂದು ಲೇಖಕರು ಬರೆದಿದ್ದಾರೆ. ಅವರು ಹೇಳುತ್ತಿರುವುದು 2010ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಅನಿತಾ ವೂಲಿ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದ ಬಗ್ಗೆ ಇರಬೇಕು. 699 ಮಂದಿಯನ್ನು ಇಬ್ಬರಿಂದ ಐವರವರೆಗಿನ ಗುಂಪುಗಳಲ್ಲಿ ಕೂರಿಸಿ ಹಲವು ಬಗೆಯ ಕೆಲಸ ಕೊಟ್ಟು ನೋಡಿದ್ದರು. ಗುಂಪಿನ ಸದಸ್ಯರ ಸರಾಸರಿ ಬುದ್ಧಿಮತ್ತೆಗೂ ಗುಂಪಿನ ಸಾಧನೆಗೂ ಅಂಥ ಗಟ್ಟಿ ನಂಟು ಕಾಣಲಿಲ್ಲ. ಅತಿ ಬುದ್ಧಿವಂತ ಒಬ್ಬರಿದ್ದರೂ ಅಷ್ಟೆ. ನಂಟು ಕಂಡದ್ದು ಮೂರು ವಿಷಯಗಳಿಗೆ. ಎದುರಿನವರ ಕಣ್ಣಿನ ಚಿತ್ರ ನೋಡಿ ಮನಸ್ಸು ಊಹಿಸುವ ಸೂಕ್ಷ್ಮತೆ ಒಂದು. ಮಾತಿನ ಸರದಿ ಎಲ್ಲರಿಗೂ ಸಮನಾಗಿ ಹಂಚಿಕೆಯಾಗುವುದು ಇನ್ನೊಂದು. ಹೆಂಗಸರ ಪ್ರಮಾಣ ಮೂರನೆಯದು. ಆ ಮೂರನೆಯದು ಕೂಡ ಬಹುಪಾಲು ಮೊದಲನೆಯದರ ಮೂಲಕವೇ ಕೆಲಸ ಮಾಡುತ್ತದೆ ಎಂದು ಸಂಶೋಧಕರೇ ಬರೆದಿದ್ದಾರೆ. ಲೇಖಕರು ಮೂರನೆಯದನ್ನು ಇಟ್ಟುಕೊಂಡು ಎರಡನೆಯದನ್ನು ಕೈಬಿಟ್ಟಿದ್ದಾರೆ. ಮಾತಿನ ಸರದಿ! ನನ್ನ ಹತ್ತೊಂಬತ್ತು ವರ್ಷದ ಪುಸ್ತಕಗಳಿಗೆ ಬೇಕಾಗಿದ್ದ ಪದ ಅದೊಂದೇ.

ಆ ಅಧ್ಯಯನವೂ ಪ್ರಶ್ನಾತೀತವಲ್ಲ. 2017ರಲ್ಲಿ ತಿಮೋಥಿ ಬೇಟ್ಸ್ ಮತ್ತು ಶಿವಾನಿ ಗುಪ್ತಾ ಎಂಬ ಸಂಶೋಧಕರು ಅದನ್ನು ಮತ್ತೆ ಮಾಡಿ ನೋಡಿ, ಗುಂಪಿನ ಜಾಣತನವೆಲ್ಲ ಹೆಚ್ಚೂ ಕಡಿಮೆ ಸದಸ್ಯರ ಬುದ್ಧಿಮತ್ತೆಯಿಂದಲೇ ಬರುತ್ತದೆ ಎಂದರು. ನನ್ನ ವೃತ್ತಿಯಲ್ಲಿ ಹೀಗೆ ಎರಡು ಪರೀಕ್ಷಾ ವರದಿಗಳು ಒಂದಕ್ಕೊಂದು ತಾಳೆಯಾಗದಿದ್ದರೆ ಅದರ ಮೇಲೆ ಕಂಬ ನಿಲ್ಲಿಸುವುದಿಲ್ಲ. ಪುರವಣಿಯಲ್ಲಿ ನಿಲ್ಲಿಸಬಹುದೇನೋ.

ಹುಟ್ಟುಗುಣ ಎಂಬ ಮಾತಿನ ಬಗ್ಗೆ ನನ್ನ ತಕರಾರು ಹೆಚ್ಚು. ಜಾನೆಟ್ ಹೈಡ್ ಎಂಬ ಮನೋವಿಜ್ಞಾನಿ 2005ರಲ್ಲಿ, ಗಂಡು–ಹೆಣ್ಣಿನ ವ್ಯತ್ಯಾಸದ ಬಗ್ಗೆ ಆಗಲೇ ನಡೆದಿದ್ದ, ಹಲವು ಅಧ್ಯಯನಗಳ ಫಲಿತಾಂಶ ಒಟ್ಟುಗೂಡಿಸಿದ 46 ಸಮಗ್ರ ವಿಶ್ಲೇಷಣೆಗಳನ್ನು ಒಟ್ಟಿಗೆ ಹರಡಿಕೊಂಡು ನೋಡಿದರು. ಅಳೆದ ವ್ಯತ್ಯಾಸಗಳಲ್ಲಿ ಶೇ 78ರಷ್ಟು ಸಣ್ಣವು ಅಥವಾ ಇಲ್ಲವೆನ್ನುವಷ್ಟು ಕಡಿಮೆ. ವ್ಯತ್ಯಾಸವೇ ಇಲ್ಲ ಎಂದು ಅವರೂ ಹೇಳಲಿಲ್ಲ, ನಾನೂ ಹೇಳುವುದಿಲ್ಲ. ಆದರೆ ಒಂದೇ ಹೆಂಗಸು ಒಂದು ಕೋಣೆಯಲ್ಲಿ ಮೌನಿಯಾಗಿ, ಪಕ್ಕದ ಕೋಣೆಯಲ್ಲಿ ಮಾತುಗಾತಿಯಾದರೆ ಅದನ್ನು ಹುಟ್ಟುಗುಣ ಎನ್ನುವುದು ಹೇಗೆ? ಅಮೆರಿಕದ ರಾಜ್ಯಶಾಸ್ತ್ರಜ್ಞರಾದ ಕಾರ್ಪೊವಿಟ್ಜ್ ಮತ್ತು ಮೆಂಡೆಲ್‌ಬರ್ಗ್ ತಮ್ಮ ಜೊತೆಗಾರರೊಂದಿಗೆ 2012ರಲ್ಲಿ ಪ್ರಕಟಿಸಿದ ಪ್ರಯೋಗ ನನಗೆ ಇಷ್ಟವಾದದ್ದು ಇದಕ್ಕೇ. ಐದೈದು ಜನರ 94 ಗುಂಪುಗಳು. ಗಳಿಸಿದ ಹಣವನ್ನು ಹೇಗೆ ಹಂಚಬೇಕೆಂದು ಚರ್ಚಿಸಿ ತೀರ್ಮಾನಿಸಬೇಕು. ಕೆಲವು ಗುಂಪುಗಳಿಗೆ ಬಹುಮತ ಸಾಕು, ಕೆಲವಕ್ಕೆ ಎಲ್ಲರ ಒಪ್ಪಿಗೆಯೂ ಬೇಕು. ಹೆಂಗಸರು ಒಬ್ಬಿಬ್ಬರಿದ್ದು, ಬಹುಮತದ ನಿಯಮವಿದ್ದಲ್ಲಿ ಅವರು ತಮ್ಮ ಪಾಲಿಗಿಂತ ಎಷ್ಟೋ ಕಡಿಮೆ ಮಾತನಾಡಿದರು. ಅಷ್ಟೇ ಹೆಂಗಸರು, ಆದರೆ ಎಲ್ಲರೂ ಒಪ್ಪಲೇಬೇಕೆಂಬ ನಿಯಮ ಇದ್ದಲ್ಲಿ ಆ ಅಂತರ ಮಾಯವಾಯಿತು. ತಮ್ಮ ಮಾತಿಲ್ಲದೆ ಕೆಲಸ ಸಾಗದು ಎಂದಾದ ಕೂಡಲೇ ಸ್ವಭಾವ ಬದಲಾಯಿತೇ? ಬದಲಾದದ್ದು ತೀರ್ಮಾನದ ನಿಯಮ ಮಾತ್ರ.

ನನಗೂ ಹೀಗೆ ಆಗಿದೆ. ನಕ್ಷೆಗೆ ನನ್ನ ಸಹಿ ಇಲ್ಲದೆ ಅದು ಹೊರಗೆ ಹೋಗುವಂತಿಲ್ಲ ಎಂದು ಆದೇಶವಾದ ವರ್ಷದಿಂದ ನಾನು ‘ನೇರ ಮಾತಿನ ಹೆಂಗಸು’ ಆದೆ. ಅದಕ್ಕೂ ಹಿಂದಿನ ವರ್ಷದವರೆಗೆ ‘ಮೃದು ಸ್ವಭಾವ’ ಎಂದು ನನ್ನ ವಾರ್ಷಿಕ ವರದಿಯಲ್ಲಿತ್ತು.

ಇನ್ನು ಸಹಕಾರದ ವಿಷಯ. ತಂಡದಲ್ಲಿ ಯಾರಾದರೊಬ್ಬರು ಮಾಡಲೇಬೇಕಾದ, ಆದರೆ ಮಾಡಿದವರಿಗೆ ಏನೂ ದಕ್ಕದ ಕೆಲಸಗಳಿರುತ್ತವಲ್ಲ — ನಡಾವಳಿ, ಹೊಸಬರಿಗೆ ಕಚೇರಿ ತೋರಿಸುವುದು, ಬೀಳ್ಕೊಡುಗೆಗೆ ಹಣ ಎತ್ತುವುದು, ಕಡತದ ಪಟ್ಟಿ ಸರಿಪಡಿಸುವುದು — ಅವುಗಳ ಬಗ್ಗೆ ಲಿಂಡಾ ಬ್ಯಾಬ್‌ಕಾಕ್ ಮತ್ತು ಮೂವರು ಸಂಗಡಿಗರು 2017ರಲ್ಲಿ ಒಂದು ಚೊಕ್ಕ ಪ್ರಯೋಗ ಪ್ರಕಟಿಸಿದರು. ಮೂವರ ಗುಂಪು; ಕೋಣೆಯಲ್ಲಿರುವವರಲ್ಲಿ ತಮ್ಮ ಗುಂಪಿನವರು ಯಾರೆಂದು ತಿಳಿಯದಂತೆ ಕಂಪ್ಯೂಟರ್ ಮುಂದೆ ಕೂತಿರುತ್ತಾರೆ. ಎರಡು ನಿಮಿಷದೊಳಗೆ ಒಬ್ಬರು ಗುಂಡಿ ಒತ್ತಬೇಕು. ಒತ್ತಿದವರಿಗೆ ಒಂದೂಕಾಲು ಡಾಲರ್, ಸುಮ್ಮನಿದ್ದ ಇಬ್ಬರಿಗೆ ತಲಾ ಎರಡು ಡಾಲರ್. ಯಾರೂ ಒತ್ತದಿದ್ದರೆ ಎಲ್ಲರಿಗೂ ಒಂದೊಂದೇ. ನಡಾವಳಿ ಪುಸ್ತಕ ಮೇಜಿನ ನಡುವೆ ಬಿದ್ದಿರುವಾಗ ನಾವೆಲ್ಲ ಚಾವಣಿ ನೋಡುವ ಆ ಗಳಿಗೆಯನ್ನು ಇದಕ್ಕಿಂತ ಚೆನ್ನಾಗಿ ಯಾರೂ ಯಂತ್ರಕ್ಕೆ ಇಳಿಸಿಲ್ಲ. ಗಂಡು–ಹೆಣ್ಣು ಬೆರೆತ ಕೋಣೆಗಳಲ್ಲಿ ಹೆಂಗಸರು ಗಂಡಸರಿಗಿಂತ ಶೇ 48ರಷ್ಟು ಹೆಚ್ಚು ಸಲ ಒತ್ತಿದರು.

ಇಲ್ಲಿಗೇ ನಿಲ್ಲಿಸಿದರೆ ನಿಮ್ಮ ಲೇಖಕರೇ ಗೆದ್ದಂತೆ. ಆದರೆ ಬರೀ ಗಂಡಸರನ್ನು ಕೂರಿಸಿದ ಕಡೆಗೂ, ಬರೀ ಹೆಂಗಸರನ್ನು ಕೂರಿಸಿದ ಕಡೆಗೂ ಒತ್ತುವುದರಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಹೆಂಗಸರಿಲ್ಲದ ಕೋಣೆಯಲ್ಲಿ ಗಂಡಸರ ಬೆರಳು ಚೆನ್ನಾಗಿಯೇ ಚಲಿಸುತ್ತದೆ! ಯಾರು ಒತ್ತುತ್ತಾರೆಂಬ ನಿರೀಕ್ಷೆ ಎಲ್ಲರ ತಲೆಯಲ್ಲೂ ಮೊದಲೇ ಇದೆ, ಗಂಡಸರ ತಲೆಯಲ್ಲೂ ಹೆಂಗಸರ ತಲೆಯಲ್ಲೂ. ಆ ಮೇಲೆ ಸಂಶೋಧಕರು ನಾಲ್ಕನೆಯವರೊಬ್ಬರನ್ನು ತಂದು, ಮೂವರಲ್ಲಿ ಯಾರನ್ನು ಒತ್ತಲು ಕೇಳುತ್ತೀರೋ ಕೇಳಿ ಎಂದರು. ಹೆಂಗಸರಿಗೆ ಶೇ 44ರಷ್ಟು ಹೆಚ್ಚು ಕೋರಿಕೆ ಬಂತು. ಕೇಳಿಸಿಕೊಂಡ ಹೆಂಗಸರು ಶೇ 76ರಷ್ಟು ಸಲ ಒಪ್ಪಿದರು, ಗಂಡಸರು ಶೇ 51ರಷ್ಟು. ಕೇಳಿದವರು ಗಂಡಸಾದರೂ ಹೆಂಗಸಾದರೂ ಫಲಿತಾಂಶ ಒಂದೇ.

ಈ ಕೊನೆಯ ಸಾಲು ಓದಿದಾಗ ನಾನು ಓದುವುದನ್ನು ಅಲ್ಲಿಗೇ ಬಿಟ್ಟು ಎದ್ದು ಹೋದೆ. ಯಾಕೆಂದರೆ ಆ ನಾಲ್ಕನೆಯವಳು ನಾನೇ.

ತಂಡದ ನಾಯಕಿಯಾದ ಮೇಲೆ ನನ್ನ ಕೈಕೆಳಗೆ ಒಂದೇ ವರ್ಷ ಇಬ್ಬರು ಹೊಸಬರು ಬಂದರು. ಒಬ್ಬ ಹುಡುಗ, ಒಬ್ಬಳು ಹುಡುಗಿ. ಇಬ್ಬರೂ ಚುರುಕು, ಅವಳು ಸ್ವಲ್ಪ ಹೆಚ್ಚೇ. ಮೂರು ವರ್ಷ ನಾನು ಅವಳಿಗೆ ಕೊಟ್ಟದ್ದೇನು? ಕಬ್ಬಿಣದ ಸರಳುಗಳ ಉದ್ದ, ಬಾಗು, ಸಂಖ್ಯೆಗಳ ಪಟ್ಟಿ ತಾಳೆ ನೋಡುವ ಕೆಲಸ. ನಕ್ಷೆಗಳ ದಾಖಲೆ ಪುಸ್ತಕ. ಆ ಮೇಲೆ ಬಂದವರಿಗೆ ತರಬೇತಿ. ಹುಡುಗನಿಗೆ ಎತ್ತರದ ಕಟ್ಟಡವೊಂದರ ಗಾಳಿಯ ಒತ್ತಡದ ವಿಶ್ಲೇಷಣೆ ಕೊಟ್ಟೆ. ಕೊಡುವಾಗ ಗಂಡು–ಹೆಣ್ಣು ಎಂಬ ಯೋಚನೆ ಮನಸ್ಸಿನ ಮೂಲೆಯಲ್ಲೂ ಇರಲಿಲ್ಲ ಎಂದು ಆಣೆ ಮಾಡಿ ಹೇಳಬಲ್ಲೆ. ಸರಳಿನ ಪಟ್ಟಿಯನ್ನು ಅವನಿಗೆ ಕೊಟ್ಟರೆ ತಪ್ಪು ಮಾಡುತ್ತಿದ್ದ, ಮತ್ತೆ ನಾನೇ ಕೂರಬೇಕಾಗುತ್ತಿತ್ತು. ಅವಳಿಗೆ ಕೊಟ್ಟರೆ ಮರುದಿನ ಬೆಳಗ್ಗೆ ಒಂದೂ ತಪ್ಪಿಲ್ಲದೆ ಮೇಜಿನ ಮೇಲಿರುತ್ತಿತ್ತು. ಅವನು ಬೇಡವೆಂದರೆ ಮುಖದಲ್ಲಿ ಕಾಣುತ್ತಿತ್ತು, ಅವಳ ಮುಖದಲ್ಲಿ ಏನೂ ಕಾಣುತ್ತಿರಲಿಲ್ಲ. ಕಾಣದ್ದನ್ನು ನಾನು ಒಪ್ಪಿಗೆ ಎಂದುಕೊಂಡೆ. ಯಾರನ್ನು ಕೇಳಿದರೆ ‘ಇಲ್ಲ’ ಬರುವುದಿಲ್ಲವೋ ಅವರನ್ನೇ ಕೇಳುವುದನ್ನು ನಾನು ಕೆಲಸದ ಚಾಕಚಕ್ಯತೆ ಎಂದು ಭಾವಿಸಿದ್ದೆ. ಕೆಟ್ಟದಾಗಿ ಮಾಡುವುದೂ ಒಂದು ವಿದ್ಯೆ ಎಂದು ಆ ಹುಡುಗನಿಗೆ ಗೊತ್ತಿತ್ತೋ ಇಲ್ಲವೋ. ಅದರ ಫಲವಂತೂ ಸಿಕ್ಕಿತು.

ಬಡ್ತಿಯ ಹೊತ್ತಿಗೆ ನಮೂನೆ ಬಂತು. ಮೊದಲ ಅಂಕಣ: ‘ಸ್ವತಂತ್ರವಾಗಿ ನಿರ್ವಹಿಸಿದ ವಿನ್ಯಾಸಗಳು’. ಅವನದ್ದು ತುಂಬಿತ್ತು. ಅವಳದ್ದರಲ್ಲಿ ಬರೆಯಲು ಏನೂ ಇರಲಿಲ್ಲ, ನಾನು ಏನನ್ನೂ ಕೊಟ್ಟಿರಲಿಲ್ಲ. ಕೆಳಗಡೆ ‘ತಂಡ ಮನೋಭಾವ’ ಎಂಬ ಅಂಕಣವಿತ್ತು. ಅಲ್ಲಿ ಅವಳಿಗೆ ಹತ್ತಕ್ಕೆ ಹತ್ತು ಹಾಕಿದೆ. ಔದಾರ್ಯದಿಂದ ಹಾಕಿದೆ, ಪ್ರೀತಿಯಿಂದ ಹಾಕಿದೆ. ಬಡ್ತಿ ಅವನಿಗೆ ಆಯಿತು. ಅವಳು ಇನ್ನೆಂಟು ತಿಂಗಳು ಇದ್ದು, ಸರಳಿನ ಪಟ್ಟಿಗಳನ್ನೆಲ್ಲ ಅಚ್ಚುಕಟ್ಟಾಗಿ ಹಸ್ತಾಂತರಿಸಿ ಹೊರಟು ಹೋದಳು. ಹೋಗುವಾಗಲೂ ಮುಖದಲ್ಲಿ ಏನೂ ಕಾಣಲಿಲ್ಲ. ಅವಳ ಬೀಳ್ಕೊಡುಗೆಗೆ ಹಣ ಎತ್ತಲು ನಾನು ಕೇಳಿಕೊಂಡದ್ದು ಇನ್ನೊಬ್ಬ ಹುಡುಗಿಯನ್ನು.

‘ಹೆಂಗಸರು ಸಹಕಾರಿಗಳು’ ಎಂಬ ಹೊಗಳಿಕೆ ಅಂದರೆ ನನಗೆ ಆ ಹತ್ತು ಅಂಕ. ಅದು ಗುಣಪ್ರಶಂಸೆಯಂತೆ ಕೇಳಿಸುತ್ತದೆ. ಕಚೇರಿಯೊಳಗೆ ಬಂದರೆ ಕೆಲಸದ ಹಂಚಿಕೆಯ ಆದೇಶವಾಗಿ ಕೂರುತ್ತದೆ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಕೈ ಯಾರದ್ದು, ಬಾಯಿ ಯಾರದ್ದು ಎಂದು ಗಾದೆ ಹೇಳಿಲ್ಲ.

ಗಂಡಸರಿಗೆ ಇದರಿಂದ ಬರೀ ಲಾಭ ಎಂದೂ ಅಲ್ಲ. ನಮ್ಮಲ್ಲಿ ಒಬ್ಬರಿದ್ದರು: ಕಡಿಮೆ ಮಾತು, ಬೇರೆಯವರ ಲೆಕ್ಕವನ್ನು ತಾಳ್ಮೆಯಿಂದ ಕೂತು ತಿದ್ದುವವರು. ಅವರನ್ನು ಯಾರೂ ಸಹಕಾರದ ಮೂರ್ತಿ ಎನ್ನಲಿಲ್ಲ, ‘ಮುನ್ನುಗ್ಗುವ ಛಾತಿ ಇಲ್ಲ’ ಎಂದರು. ಆದರೂ ಅಪರೂಪಕ್ಕೊಮ್ಮೆ ಅವರು ಯಾರಿಗೋ ಸಂಜೆ ಕೂತು ನೆರವಾದರೆ ಮರುದಿನ ಕಚೇರಿಯೆಲ್ಲ ಅದೇ ಮಾತು. ನಾವು ಮಾಡಿದರೆ ಅದು ಸುದ್ದಿಯಲ್ಲ. ಮೆಡೆಲಿನ್ ಹೈಲ್‌ಮನ್ ಮತ್ತು ಜೂಲಿ ಚೆನ್ ಎಂಬ ಸಂಶೋಧಕರು 2005ರಲ್ಲಿ ತೋರಿಸಿದ್ದು ಇದನ್ನೇ: ಸಹೋದ್ಯೋಗಿಗೆ ನೆರವಾದ ಗಂಡಸಿನ ಮೌಲ್ಯಮಾಪನ ಏರುತ್ತದೆ, ಹೆಂಗಸಿನದ್ದು ಇದ್ದಲ್ಲೇ ಇರುತ್ತದೆ, ನೆರವಾಗದಿದ್ದರೆ ಹೆಂಗಸಿನದ್ದು ಇಳಿಯುತ್ತದೆ, ಗಂಡಸಿನದ್ದು ಇದ್ದಲ್ಲೇ ಇರುತ್ತದೆ. ಅವನಿಗೆ ಅದು ಉಡುಗೊರೆ, ಇವಳಿಗೆ ಕಂದಾಯ.

ಒಟ್ಟಾಗಿ ಮಾಡಿದ ಕೆಲಸದ ಶ್ರೇಯಸ್ಸು ಯಾರಿಗೆ ಎಂಬ ಪ್ರಶ್ನೆಗೆ ನಿಮ್ಮ ಲೇಖನ ಕೈಯನ್ನೇ ಹಾಕಿಲ್ಲ. ಭೌತವಿಜ್ಞಾನಿ ಲೀಸ್ ಮೈಟ್ನರ್ ಮತ್ತು ರಸಾಯನವಿಜ್ಞಾನಿ ಓಟೋ ಹಾನ್ 1907ರಿಂದ 1938ರವರೆಗೆ ಜೊತೆಯಾಗಿ ಸಂಶೋಧನೆ ಮಾಡಿದರು. ನಾಜಿಗಳಿಂದ ತಪ್ಪಿಸಿಕೊಂಡು ಓಡಿಹೋಗಿದ್ದ ಆಕೆಗೆ ಹಾನ್ ತಮ್ಮ ವಿಚಿತ್ರ ಫಲಿತಾಂಶವನ್ನು ಪತ್ರದಲ್ಲಿ ಬರೆದು ಕೇಳಿದರು. ಯುರೇನಿಯಂ ಪರಮಾಣು ಒಡೆದಿದೆ ಎಂದು ಭೌತಶಾಸ್ತ್ರದ ನೆಲೆಯಲ್ಲಿ ವಿವರಿಸಿದವರು ಮೈಟ್ನರ್ ಮತ್ತು ಆಕೆಯ ಅಕ್ಕನ ಮಗ ಓಟೋ ಫ್ರಿಶ್. 1944ರ ರಸಾಯನಶಾಸ್ತ್ರದ ನೊಬೆಲ್ ಹಾನ್ ಒಬ್ಬರಿಗೇ ಹೋಯಿತು. ಅದು ಹಳೆಯ ಕಾಲ ಎನ್ನುವವರಿಗೆ ಹೆದರ್ ಸಾರ್ಸನ್ಸ್ ಅವರ ಅಧ್ಯಯನವಿದೆ. ಅಮೆರಿಕದ ವಿಶ್ವವಿದ್ಯಾಲಯಗಳ ಅರ್ಥಶಾಸ್ತ್ರಜ್ಞರಲ್ಲಿ ಒಬ್ಬರೇ ಬರೆದ ಪ್ರಬಂಧಗಳು ಕಾಯಂ ಹುದ್ದೆ ಪಡೆಯಲು ಗಂಡಿಗೂ ಹೆಣ್ಣಿಗೂ ಸಮನಾಗಿ ನೆರವಾದವು. ಜೊತೆಯಾಗಿ ಬರೆದವು ಗಂಡಸರಿಗೆ ಹಾಗೆಯೇ ನೆರವಾದವು. ಹೆಂಗಸರಿಗೆ ಕಡಿಮೆ, ಅದರಲ್ಲೂ ಗಂಡಸರ ಜೊತೆ ಬರೆದಾಗ. ಅರ್ಥಶಾಸ್ತ್ರದಲ್ಲಿ ಲೇಖಕರ ಹೆಸರುಗಳನ್ನು ವರ್ಣಮಾಲೆಯ ಕ್ರಮದಲ್ಲಿ ಹಾಕುವುದು ವಾಡಿಕೆ, ಯಾರ ಪಾಲು ಎಷ್ಟೆಂದು ಗೊತ್ತಾಗುವುದಿಲ್ಲ. ಗೊತ್ತಾಗದ ಕಡೆ ಜನ ತಮಗೆ ತೋಚಿದಂತೆ ತುಂಬಿಕೊಳ್ಳುತ್ತಾರೆ. 2015ರ ಕರಡಿನಲ್ಲಿ ಸಾರ್ಸನ್ಸ್ ಒಂದು ಅಡಿಟಿಪ್ಪಣಿ ಹಾಕಿದ್ದರು: ಈ ಪ್ರಬಂಧವನ್ನು ಉದ್ದೇಶಪೂರ್ವಕವಾಗಿಯೇ ಒಬ್ಬಳೇ ಬರೆದಿದ್ದೇನೆ ಎಂದು. ಅದನ್ನು ಓದಿ ನಾನು ಒಬ್ಬಳೇ ಕೂತು ಗಟ್ಟಿಯಾಗಿ ನಕ್ಕೆ.

ಪತ್ರ ಉದ್ದವಾಯಿತು. ಕತ್ತರಿ ಹಾಕುವುದಾದರೆ ನೊಬೆಲ್ ವಿಷಯ ತೆಗೆಯಿರಿ, ಹತ್ತಕ್ಕೆ ಹತ್ತರ ವಿಷಯ ತೆಗೆಯಬೇಡಿ. ನನ್ನ ಹೆಸರನ್ನೂ ದಯವಿಟ್ಟು ಹಾಕಬೇಡಿ. ನಮ್ಮ ಕಚೇರಿಯವರನ್ನು ಯಾರಾದರೂ ಗುರುತಿಸಿಯಾರು.

ಕಳೆದ ವರ್ಷ ಆ ಪುಸ್ತಕಗಳನ್ನು ಓದಿದ ಮೇಲೆ ನಾನು ಒಂದೇ ಒಂದು ಬದಲಾವಣೆ ಕೇಳಿದೆ. ನಡಾವಳಿ ಸರದಿಯ ಮೇಲೆ ಬರೆಯಬೇಕು, ಹೆಸರಿನ ಅಕ್ಷರಕ್ರಮದಲ್ಲಿ, ಮುಖ್ಯಸ್ಥರೂ ಸೇರಿದಂತೆ. ‘ಇಷ್ಟು ಸಣ್ಣ ವಿಷಯಕ್ಕೆ ನಿಯಮ ಬೇಕೇ? ಯಾರಾದರೂ ಬರೆದರಾಯಿತು’ ಎಂದರು. ಆ ‘ಯಾರಾದರೂ’ ಯಾರೆಂದು ನನಗೆ ಗೊತ್ತಿತ್ತು, ಪಟ್ಟು ಬಿಡಲಿಲ್ಲ. ಕೆಲವರು ಎರಡು ಸಾಲಿನಲ್ಲಿ ಸಭೆ ಮುಗಿಸಿದರು. ಒಬ್ಬರು ಸರದಿಯ ವಾರವೇ ರಜೆ ಹಾಕಿದರು. ಅವರ ಸರದಿಯನ್ನು ಮುಂದಿನ ವಾರಕ್ಕೆ ಇಟ್ಟೆವು.

ಎರಡು ತಿಂಗಳ ಹಿಂದೆ ಮುಖ್ಯಸ್ಥರ ಸರದಿ ಬಂತು. ಸಭೆಯಲ್ಲಿ ಅತಿ ಹೆಚ್ಚು ಮಾತನಾಡುವವರು ಅವರೇ. ಆ ದಿನ ತಲೆ ತಗ್ಗಿಸಿ ಬರೆಯುತ್ತಲೇ ಇದ್ದರು, ನಡುನಡುವೆ ‘ಏನಂದಿರಿ? ಮತ್ತೊಮ್ಮೆ ಹೇಳಿ’ ಎಂದದ್ದು ಬಿಟ್ಟರೆ ಮಾತೇ ಇಲ್ಲ. ಸಭೆ ಮುಗಿದ ಮೇಲೆ ಲ್ಯಾಪ್‌ಟಾಪ್ ಹಿಡಿದುಕೊಂಡು ನನ್ನ ಮೇಜಿನ ಬಳಿ ಬಂದರು. ‘ಎರಡನೆಯ ಮಹಡಿಯ ಬಗ್ಗೆ ಒಂದು ಮುಖ್ಯ ವಿಷಯ ಹೇಳಬೇಕೆಂದಿದ್ದೆ. ಬರೆಯುವ ಭರದಲ್ಲಿ ಬಿಟ್ಟೇ ಹೋಯಿತು. ಈಗ ಸೇರಿಸಿಬಿಡಲೇ?’

ಸಭೆಯಲ್ಲಿ ಹೇಳದ ಮಾತನ್ನು ನಡಾವಳಿಗೆ ಸೇರಿಸುವಂತಿಲ್ಲ ಎಂದೆ.

ಸ್ವಲ್ಪ ಹೊತ್ತು ನಿಂತರು. ‘ನೀವು ಇಷ್ಟು ವರ್ಷ ಇದನ್ನು ಹೇಗೆ ನಿಭಾಯಿಸುತ್ತಿದ್ದಿರಿ?’ ಎಂದು ಕೇಳಿದರು. ವ್ಯಂಗ್ಯವಿರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕಿತ್ತು ಅವರಿಗೆ. ಮರುದಿನ ಹಳೆಯ ಪುಸ್ತಕವೊಂದನ್ನು ತಂದು ಅವರ ಮುಂದಿಟ್ಟು ಅಂಚಿನ ಪೆನ್ಸಿಲ್ ಗುರುತುಗಳನ್ನು ತೋರಿಸಿದೆ. ಅವರು ಕನ್ನಡಕ ಏರಿಸಿಕೊಂಡು ಒಂದೊಂದಾಗಿ ಓದತೊಡಗಿದರು. ‘ಚಪ್ಪಡಿಯಲ್ಲಿ ಕಂಬಕ್ಕೆ ಅಂಟಿಕೊಂಡೇ ಪೈಪಿಗೆ ತೂತು ಬಿಟ್ಟಿದ್ದಾರೆ — ಕೇಳು’ ಎಂಬ ಸ್ಥಳಕ್ಕೆ ಬಂದು ನಿಂತರು. ಮೇಲಿದ್ದ ದಿನಾಂಕ ನೋಡಿದರು.

‘ಆ ಚಪ್ಪಡಿಯನ್ನು ನಾವು ಒಡೆದು ಮತ್ತೆ ಎರಕ ಹಾಕಿದೆವಲ್ಲ’ ಎಂದರು.

ಇತಿ,
ಒಬ್ಬ ರಚನಾ ಎಂಜಿನಿಯರ್